2024ರ ಇಂಡೀ ರಾಕ್ ಆಲ್ಬಮ್‌ಗಳು: ಯಾವುದಕ್ಕೆ ಕಿವಿ ಕೊಡಲಿ?

ಕೇಳಿದ್ದು

ಕಾಲೇಜಿನ ದಿನಗಳಲ್ಲಿ ದಿ ಸ್ಟ್ರೋಕ್ಸ್, ಆರ್ಕೇಡ್ ಫೈರ್, ಆರ್ಕ್ಟಿಕ್ ಮಂಕೀಸ್‌ನಂಥ ಇಂಡೀ ರಾಕ್ (ದೊಡ್ಡ ಸಂಗೀತ ಕಂಪನಿಗಳ ಹೊರಗೆ ಹುಟ್ಟಿದ ಗಿಟಾರ್ ಸಂಗೀತ) ತಂಡಗಳೆಂದರೆ ಊಟ ಬಿಟ್ಟು ಕೇಳುತ್ತಿದ್ದವನು ನಾನು. ಆಮೇಲೆ ಕೆಲಸ, ಮಕ್ಕಳು, ಸಾಲದ ಕಂತು ಎಂದು ಕೇಳುವುದು ನಿಂತೇ ಹೋಯಿತು. ಈಗ ವರ್ಷದ ಕೊನೆಯ ‘ಅತ್ಯುತ್ತಮ ಆಲ್ಬಮ್’ ಪಟ್ಟಿಗಳು ಬರುತ್ತಿವೆ. ಅವುಗಳಲ್ಲಿರುವ ಮುಕ್ಕಾಲು ಹೆಸರುಗಳು ನನಗೆ ಗೊತ್ತಿಲ್ಲ. ಅಲ್ಲೊಂದು ಇಲ್ಲೊಂದು ಹಾಡು ಕೇಳಿ ನೋಡಿದೆ. ಎಲ್ಲವೂ ಎಲ್ಲೋ ಕೇಳಿದಂತೆಯೇ ಇವೆ: ಅದೇ ಗಿಟಾರ್, ಅದೇ ನಿದ್ದೆಗಣ್ಣಿನ ದನಿ. ಹೊಸದು ಎನ್ನುವಂಥದ್ದು ನಿಜವಾಗಿಯೂ ಇದೆಯೇ, ಇಲ್ಲ ನನ್ನ ಕಿವಿಗೇ ವಯಸ್ಸಾಯಿತೇ? ಈ ವರ್ಷದ ಆಲ್ಬಮ್‌ಗಳನ್ನು ಪೂರ್ತಿ ಕೂತು ಕೇಳಿದವರು ಅನುಭವ ಹೇಳಿ. ಪಟ್ಟಿ ಬೇಡ, ಅವು ನನ್ನ ಬಳಿ ಬೇಕಾದಷ್ಟಿವೆ.

ಮೈಸೂರಿನಿಂದ

ನಿಮ್ಮ ಕಿವಿ ಸರಿಯಾಗಿಯೇ ಇದೆ. ಗಿಟಾರ್ ಹಳೆಯದೇ. ಎಂ.ಜೆ. ಲೆಂಡರ್‌ಮನ್‌ನ ‘ಮ್ಯಾನಿಂಗ್ ಫೈರ್‌ವರ್ಕ್ಸ್’ ಹಾಕಿ ನೋಡಿ, ಸ್ವಲ್ಪ ಹೊತ್ತಿಗೇ ಹಳೆಯ ರಾಕ್ ಗಾಯಕ ನೀಲ್ ಯಂಗ್ ನೆನಪಾಗುತ್ತಾನೆ. ಆ ಋಣವನ್ನು ಮುಚ್ಚಿಡಲು ಲೆಂಡರ್‌ಮನ್ ಪ್ರಯತ್ನಿಸಿದಂತೆಯೂ ಕಾಣುವುದಿಲ್ಲ. ಆದರೂ ಸೆಪ್ಟೆಂಬರ್ 6ರಂದು ಬಿಡುಗಡೆಯಾದಾಗಿನಿಂದ ನಾನು ಅತಿ ಹೆಚ್ಚು ಕೇಳಿರುವುದು ಇದನ್ನೇ. ಒಂಬತ್ತೇ ಹಾಡುಗಳು. ಹಾಡುಗಾರ ನಾರ್ತ್ ಕೆರೊಲಿನಾದ ಆಶ್‌ವಿಲ್‌ನವನು, ‘ವೆನ್ಸ್‌ಡೇ’ ತಂಡದ ಗಿಟಾರ್ ವಾದಕ, ಆಲ್ಬಮ್ ಬಂದಾಗ ಇನ್ನೂ ಇಪ್ಪತ್ತೈದರ ಹುಡುಗ.

ಹೊಸತನ ಬೇಕಾದರೆ ಸದ್ದಿನಲ್ಲಿ ಹುಡುಕಬೇಡಿ, ಹಾಡಿನೊಳಗೆ ಮಾತನಾಡುತ್ತಿರುವವನು ಎಂಥವನು ಎಂದು ಗಮನಿಸಿ. ಲೆಂಡರ್‌ಮನ್‌ನ ಗಂಡಸರು ಸೋತವರು, ಆದರೆ ಸೋಲನ್ನು ಒಪ್ಪಿಕೊಳ್ಳುವ ಜಾಯಮಾನದವರಲ್ಲ. ‘ರಿಸ್ಟ್‌ವಾಚ್’ನಲ್ಲಿ ಒಬ್ಬ ತನ್ನ ಕೈಗಡಿಯಾರ ಏನೇನು ಮಾಡಬಲ್ಲದು ಎಂದು ಜಂಬ ಕೊಚ್ಚುತ್ತಾನೆ, ಕೊಚ್ಚಿದಷ್ಟೂ ಅವನ ಒಂಟಿತನ ಬಯಲಿಗೆ ಬೀಳುತ್ತದೆ. ‘ಶೀ ಈಸ್ ಲೀವಿಂಗ್ ಯೂ’ ಹಾಡಿನಲ್ಲಿ ಹೆಣ್ಣು ಬಿಟ್ಟು ಹೊರಟಿದ್ದಾಳೆ. ಹೋಗಿ ಫೆರಾರಿ ಕಾರೊಂದನ್ನು ಬಾಡಿಗೆಗೆ ಹಿಡಿದು ಬ್ಲೂಸ್ (ದುಃಖದ ಹಾಡು) ಹಾಡಿಕೋ ಎಂದು ಅವನಿಗೆ ಸಲಹೆ ಸಿಗುತ್ತದೆ. ನಗು ಬರುತ್ತದೆ, ಮರುಕ್ಷಣವೇ ಆ ನಗು ಚುಚ್ಚುತ್ತದೆ. ನಡುವಯಸ್ಸಿನ ಗಂಡಸಿನ ಠೇಂಕಾರವನ್ನು ಇಪ್ಪತ್ತೈದರವನು ಇಷ್ಟು ಚೆನ್ನಾಗಿ ಹೇಗೆ ಬಲ್ಲ ಎಂದು ನನಗೆ ಇನ್ನೂ ಅಚ್ಚರಿ. ನಮ್ಮ ವಯಸ್ಸಿನವರು ಇದನ್ನು ತುಸು ಎಚ್ಚರಿಕೆಯಿಂದ ಕೇಳುವುದು ಒಳ್ಳೆಯದು.

ಇದರಲ್ಲಿ ಅಲ್ಲಲ್ಲಿ ಜಾರುವ ಪೆಡಲ್ ಸ್ಟೀಲ್ ನಿಮಗೆ ಅಪರಿಚಿತ ಎನಿಸಲಾರದು. ಹಳೆಯ ಚಿತ್ರಗೀತೆಗಳನ್ನು ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ್ದನ್ನು ರೇಡಿಯೊದಲ್ಲಿ ಕೇಳಿದ್ದೀರಲ್ಲ, ಅದೇ ವಾದ್ಯದ ಮುಂದಿನ ತಲೆಮಾರು ಇದು. ಕೊನೆಯ ಹಾಡು ‘ಬಾರ್ಕ್ ಆಟ್ ದ ಮೂನ್’ ಸುಮಾರು ಹತ್ತು ನಿಮಿಷದ್ದು. ಹಾಡು ಮುಗಿದ ಮೇಲೂ ಬರಿಯ ಗುಂಯ್‌ಗುಡುವ ಸದ್ದು ಎಳೆಯುತ್ತಲೇ ಇರುತ್ತದೆ. ಮೊದಲ ಸಲ ಅಲ್ಲಿಗೆ ನಿಲ್ಲಿಸಿಬಿಡಿ, ನಷ್ಟವೇನೂ ಇಲ್ಲ.

ಅದರ ಜೊತೆಗೆ ವ್ಯಾಕ್ಸಹ್ಯಾಚಿಯ ‘ಟೈಗರ್ಸ್ ಬ್ಲಡ್’. ಇದು ಮಾರ್ಚ್ 22ರಂದು ಬಂದದ್ದು. ವ್ಯಾಕ್ಸಹ್ಯಾಚಿ ಎಂದರೆ ಕೇಟಿ ಕ್ರಚ್‌ಫೀಲ್ಡ್ ಎಂಬ ಒಬ್ಬಾಕೆಯೇ. ತನ್ನ ತವರು ಅಲಬಾಮಾದ ಒಂದು ತೊರೆಯ ಹೆಸರನ್ನು ಇಟ್ಟುಕೊಂಡಿದ್ದಾಳೆ. ಕುಡಿತ ಬಿಟ್ಟ ಮೇಲೆ 2020ರಲ್ಲಿ ಮಾಡಿದ ‘ಸೇಂಟ್ ಕ್ಲೌಡ್’ನಲ್ಲಿ ಅವಳ ಸಂಗೀತ ಗದ್ದಲದಿಂದ ಹೊರಬಂದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕಡೆಗೆ ತಿರುಗಿತ್ತು. ಹೊಸ ಆಲ್ಬಮ್ ಅದೇ ದಾರಿಯಲ್ಲಿ ಮುಂದೆ ಸಾಗಿದೆ, ಹೊಸ ದಾರಿಯನ್ನೇನೂ ತುಳಿದಿಲ್ಲ. ಇದು ನನ್ನ ಒಂದೇ ತಕರಾರು. ಆದರೆ ‘ರೈಟ್ ಬ್ಯಾಕ್ ಟು ಇಟ್’ ಕೇಳಿದಾಗ ಆ ತಕರಾರು ಮರೆತುಹೋಗುತ್ತದೆ. ಬ್ಯಾಂಜೊ ಸದ್ದಿನ ಮೇಲೆ ಅವಳ ದನಿ. ಅದರ ಕೆಳಗೆ ಲೆಂಡರ್‌ಮನ್‌ನ ಒರಟು ದನಿ, ಅವಳನ್ನು ಹಿಂಬಾಲಿಸುತ್ತಾ. ಪ್ರೇಮಗೀತೆಗಳು ಸಾಮಾನ್ಯವಾಗಿ ಮೊದಲ ನೋಟದ ಬಗ್ಗೆಯೋ ಕೊನೆಯ ಜಗಳದ ಬಗ್ಗೆಯೋ ಇರುತ್ತವೆ. ಇದು ನಡುವಿನ ವರ್ಷಗಳ ಹಾಡು. ಬೇಸರವೂ ಇದೆ, ಬಿಟ್ಟು ಹೋಗುವ ಮನಸ್ಸೂ ಇಲ್ಲ.

ಧಾರವಾಡದಿಂದ

ಮೇಲಿನವರು ಹೇಳಿದ ಎರಡೂ ಒಳ್ಳೆಯವೇ. ಆದರೆ ಸ್ಟ್ರೋಕ್ಸ್ ಕೇಳಿ ಬೆಳೆದವರಿಗೆ ಬ್ಯಾಂಜೊ ಕೊಟ್ಟು ಕೂರಿಸಿದರೆ ಹೇಗೆ? ಸದ್ದಿನಲ್ಲಿ ಹೊಸತನ ಹುಡುಕಬೇಡಿ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಡಬ್ಲಿನ್‌ನ ಫಾಂಟೇನ್ಸ್ ಡಿ.ಸಿ. ತಂಡದ ‘ರೊಮ್ಯಾನ್ಸ್’ ಕೇಳಿ. ಆಗಸ್ಟ್ 23ರಂದು ಬಂತು, ಅವರ ನಾಲ್ಕನೆಯದು. 2019ರ ‘ಡಾಗ್ರೆಲ್’ನಲ್ಲಿ ಇವರದು ಬೀದಿಯಲ್ಲಿ ನಿಂತು ಮಾತು ಎಸೆಯುವ ಧಾಟಿ. ಮೊದಲ ಮೂರು ಆಲ್ಬಮ್‌ಗಳ ನಿರ್ಮಾಪಕ ಡ್ಯಾನ್ ಕೇರಿಯ ಬದಲು ಈ ಸಲ ಜೇಮ್ಸ್ ಫೋರ್ಡ್ ಬಂದಿದ್ದಾನೆ. ನೀವು ಹೇಳಿದ ಆರ್ಕ್ಟಿಕ್ ಮಂಕೀಸ್ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು ಅವನೇ, ಹಾಗಾಗಿ ನಿಮಗೆ ಎಲ್ಲೋ ಒಂದು ನಂಟು ಸಿಗುತ್ತದೆ.

‘ಸ್ಟಾರ್‌ಬರ್ಸ್ಟರ್’ ಹಾಡಿನಲ್ಲಿ ತಂಡದ ಗಾಯಕ ಗ್ರಿಯಾನ್ ಚಾಟನ್ ನಡುನಡುವೆ ಗಕ್ಕನೆ ಉಸಿರೆಳೆದುಕೊಳ್ಳುತ್ತಾನೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಅವನಿಗೆ ತೀವ್ರ ಗಾಬರಿಯಿಂದ ಉಸಿರುಗಟ್ಟಿದ ಅನುಭವದಿಂದ ಹುಟ್ಟಿದ ಹಾಡು ಅದು. ಆ ಉಸಿರೇ ಇಲ್ಲಿ ತಾಳದ ಭಾಗವಾಗಿಬಿಟ್ಟಿದೆ. ಇದನ್ನು ‘ಎಲ್ಲೋ ಕೇಳಿದಂತಿದೆ’ ಎನ್ನುವವರಿದ್ದರೆ ಎಲ್ಲಿ ಎಂದು ನನಗೂ ತಿಳಿಸಲಿ. ಕೊನೆಯ ‘ಫೇವರಿಟ್’ ಮಾತ್ರ ನೇರವಾದ, ಬಿಸಿಲಿನಂಥ ಗಿಟಾರ್ ಹಾಡು. ನಡುವಿನ ಒಂದೆರಡು ಹಾಡುಗಳು ಅಲಂಕಾರ ಹೆಚ್ಚಾಗಿ ಸೊರಗಿವೆ, ಅದನ್ನೂ ಹೇಳಬೇಕು.

ಸಿಟ್ಟು ಬೇಕಿದ್ದರೆ ಫಿಲಡೆಲ್ಫಿಯಾದ ತಂಡವೊಂದರ ‘ಐ ಗಾಟ್ ಹೆವನ್’ ಇದೆ. ತಂಡದ ಹೆಸರನ್ನು ಮನೆಯಲ್ಲಿ ಜೋರಾಗಿ ಹೇಳುವಂತಿಲ್ಲ, ನೀವೇ ಹುಡುಕಿಕೊಳ್ಳಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಟೊರಾಂಟೊದಿಂದ

ಹೊಸದು ಇದೆಯೇ ಎಂಬ ಪ್ರಶ್ನೆಯನ್ನೇ ತಲೆಕೆಳಗು ಮಾಡುವ ಆಲ್ಬಮ್ ಒಂದಿದೆ: ಸಿಂಡಿ ಲೀಯ ‘ಡೈಮಂಡ್ ಜುಬಿಲಿ’. ಇಲ್ಲಿ ಕೆನಡಾದಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಕೊಡುವ ಪೊಲಾರಿಸ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಹೋಯಿತು. ಸಿಂಡಿ ಲೀ ಎನ್ನುವುದು ಪ್ಯಾಟ್ರಿಕ್ ಫ್ಲೇಗಲ್ ವೇದಿಕೆಗೆ ಇಟ್ಟುಕೊಂಡ ಹೆಸರು. ಹಿಂದೆ ಕ್ಯಾಲ್ಗರಿಯ ‘ವಿಮೆನ್’ ತಂಡದಲ್ಲಿದ್ದ ಕಲಾವಿದ. ಮೂವತ್ತೆರಡು ಹಾಡು, ಎರಡು ಗಂಟೆ. ಮಾರ್ಚ್ ಕೊನೆಯಲ್ಲಿ ಬಂದಾಗ ಸ್ಪಾಟಿಫೈನಲ್ಲಿ ಹುಡುಕಿದರೆ ಇರಲೇ ಇಲ್ಲ. ಯೂಟ್ಯೂಬ್‌ನಲ್ಲಿ ಒಂದೇ ಉದ್ದನೆಯ ವಿಡಿಯೊ, ಇಲ್ಲವಾದರೆ ತೊಂಬತ್ತರ ದಶಕದ ಜಿಯೊಸಿಟೀಸ್ ಜಾಲತಾಣಗಳನ್ನು ನೆನಪಿಸುವ ಪುಟವೊಂದರಿಂದ ಇಳಿಸಿಕೊಳ್ಳಬೇಕಿತ್ತು, ಮನಸ್ಸಿದ್ದರೆ ಮೂವತ್ತು ಡಾಲರ್ ಕಳಿಸಬೇಕಿತ್ತು.

ಅರವತ್ತರ ದಶಕದ ಹೆಣ್ಣುಮಕ್ಕಳ ಪಾಪ್ ಗುಂಪುಗಳ ರಾಗಗಳು, ಪಕ್ಕದ ಮನೆಯ ರೇಡಿಯೊ ಗೋಡೆಯಾಚೆಯಿಂದ ಕೇಳಿದಂತೆ ಮಸುಕು ಮಸುಕಾಗಿ ಬರುತ್ತವೆ. ಹಾಡುಗಳು ಬಿಡಿಬಿಡಿಯಾಗಿ ಸಿಗದಿದ್ದುದು ನನ್ನ ಮಟ್ಟಿಗೆ ಒಳ್ಳೆಯದೇ ಆಯಿತು. ಮುಂದಿನ ಹಾಡಿಗೆ ಜಿಗಿಯಲು ಗುಂಡಿಯೇ ಇಲ್ಲದಾಗ ಮನುಷ್ಯ ಕೂತು ಕೇಳುತ್ತಾನೆ. ಸಂಜೆ ಅಡುಗೆ ಮಾಡುತ್ತಾ ಕೇಳಲು ಶುರು ಮಾಡಿದವಳು ನಾನು, ಪಾತ್ರೆ ತೊಳೆದು ಮುಗಿಸಿದ ಮೇಲೂ ಒಲೆಯ ಪಕ್ಕ ನಿಂತೇ ಇದ್ದೆ.

ಮೈಸೂರಿನಿಂದ, ಮತ್ತೆ

ಸಿಂಡಿ ಲೀ ಬಗ್ಗೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಅದರಲ್ಲಿ ಹತ್ತು ಅಪ್ರತಿಮ ಹಾಡುಗಳಿವೆ. ಉಳಿದವು ಅವುಗಳ ನೆರಳು. ಸಂಗೀತ ವಿಮರ್ಶೆಯ ಜಾಲತಾಣ ಪಿಚ್‌ಫೋರ್ಕ್ ಹತ್ತಕ್ಕೆ 9.1 ಅಂಕ ಕೊಟ್ಟದ್ದರಲ್ಲಿ ಆ ಬಿಡುಗಡೆಯ ವೈಚಿತ್ರ್ಯದ ಮೇಲಿನ ಮೋಹವೂ ಸೇರಿದೆ ಎಂದು ನನ್ನ ಗುಮಾನಿ. ಕಷ್ಟಪಟ್ಟು ಸಿಕ್ಕಿದ್ದು ರುಚಿಯಾಗಿಯೇ ಇರುತ್ತದೆ. ‘ರೊಮ್ಯಾನ್ಸ್’ ವಿಷಯದಲ್ಲಿ ಧಾರವಾಡದವರ ಮಾತು ಒಪ್ಪಿದೆ.

ಬೆಂಗಳೂರಿನಿಂದ

ಎಲ್ಲರೂ ಸಮುದ್ರ ದಾಟಿಯೇ ಹೋದಿರಿ. ದೆಹಲಿಯ ‘ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ’ ಎಂಬ ತಂಡದ ‘ಬೀಟಾ’ ಆಗಸ್ಟ್‌ನಲ್ಲಿ ಬಂದಿದೆ. ಗಾಯಕ ಸೂರ್ಯಕಾಂತ್ ಸಾಹ್ನಿಯ ದನಿ ಹಳೆಯ ಕಾಲದ ಹೋಟೆಲ್ ಗಾಯಕರದು, ಗಂಭೀರವೋ ಕೀಟಲೆಯೋ ಗೊತ್ತಾಗುವುದಿಲ್ಲ. 2019ರ ‘ಬಿಸ್ಮಿಲ್ಲಾ’ ಆಲ್ಬಮ್‌ನ ಅಮಲು ಇದರಲ್ಲಿ ಕಡಿಮೆ, ನಿಜ. ಆದರೂ ಟ್ರಂಪೆಟ್ ಏರುವ ಜಾಗಗಳಲ್ಲಿ ಇವರನ್ನು ಮೀರಿಸುವವರಿಲ್ಲ. ಇಂಥವರನ್ನು ನಮ್ಮ ಊರಿನ ವೇದಿಕೆಗಳಲ್ಲೇ ಎದುರಿಗೆ ನಿಂತು ಕೇಳಬಹುದು, ಅದೇನು ಸಣ್ಣ ಲಾಭವೇ?

ವ್ಯಾಂಪೈರ್ ವೀಕೆಂಡ್ ತಂಡ ನಿಮ್ಮ ಕಾಲದವರದು, ಆದ್ದರಿಂದ ಅವರ ‘ಓನ್ಲಿ ಗಾಡ್ ವಾಸ್ ಅಬೋವ್ ಅಸ್’ ಅನ್ನೂ ಕೇಳಿಬಿಡಿ. ಸ್ವಚ್ಛವಾಗಿ ಇಸ್ತ್ರಿ ಮಾಡಿದಂತಿದ್ದ ಅವರ ಸಂಗೀತಕ್ಕೆ ಈ ಸಲ ಬೇಕೆಂದೇ ಧೂಳು ಮೆತ್ತಿದ್ದಾರೆ. ಅವರ ಆಲ್ಬಮ್‌ಗಳಲ್ಲಿ ನನಗೆ ಎರಡನೇ ಅಚ್ಚುಮೆಚ್ಚಿನದು.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ‘ರೈಟ್ ಬ್ಯಾಕ್ ಟು ಇಟ್’ ಮತ್ತು ‘ಸ್ಟಾರ್‌ಬರ್ಸ್ಟರ್’ ಎರಡನ್ನೂ ಕೇಳಿದೆ. ಮೊದಲನೆಯದು ಇಳಿಯಿತು, ಎರಡನೆಯದು ಕೇಳಿ ನನಗೇ ಉಸಿರು ಕಟ್ಟಿತು, ಮತ್ತೆ ಕೇಳುತ್ತೇನೆ. ಇನ್ನೊಂದು ಪ್ರಶ್ನೆ. ಏಡ್ರಿಯನ್ ಲೆಂಕರ್‌ಳ ‘ಬ್ರೈಟ್ ಫ್ಯೂಚರ್’ ಎಲ್ಲ ಪಟ್ಟಿಗಳಲ್ಲೂ ಇದೆ, ನೀವು ಯಾರೂ ಏಕೆ ಹೇಳಲಿಲ್ಲ?

ಮೈಸೂರಿನಿಂದ

ಏಕೆಂದರೆ ನೀವು ರಾಕ್ ಕೇಳಿದಿರಿ. ಲೆಂಕರ್ ಬಿಗ್ ಥೀಫ್ ತಂಡದ ಹಾಡುಗಾರ್ತಿ ಹೌದು, ಆದರೆ ಇದು ಕಾಡಿನ ನಡುವಿನ ಸ್ಟುಡಿಯೊದಲ್ಲಿ ಟೇಪಿನ ಮೇಲೆ ನೇರವಾಗಿ ಹಿಡಿದ ಮೆಲುದನಿಯ ಆಲ್ಬಮ್. ಹೆಚ್ಚಾಗಿ ಗಿಟಾರ್, ಪಿಯಾನೊ, ಪಿಟೀಲು. ‘ಟೈಗರ್ಸ್ ಬ್ಲಡ್’ ಬಂದ ದಿನವೇ ಇದೂ ಬಂತು. ಮೊದಲ ಹಾಡು ‘ರಿಯಲ್ ಹೌಸ್’ ಬಾಲ್ಯದ ಮನೆಯ ಬಗ್ಗೆ, ಸಾಕಿದ ನಾಯಿ ಸತ್ತ ದಿನ ಅಮ್ಮ ಅತ್ತದ್ದರ ಬಗ್ಗೆ. ಕಚೇರಿಗೆ ಹೋಗುವ ದಾರಿಯಲ್ಲಿ ಅದನ್ನು ಹಾಕಬೇಡಿ. ಎರಡನೆಯ ಹಾಡಾದ ‘ಸ್ಯಾಡ್‌ನೆಸ್ ಆ್ಯಸ್ ಎ ಗಿಫ್ಟ್’ ಕೇಳಿ ನೋಡಿ; ಅದು ಹಿಡಿಸದಿದ್ದರೆ ಉಳಿದದ್ದರ ಗೋಜಿಗೆ ಹೋಗಬೇಡಿ, ಪಟ್ಟಿಗಳು ಏನೇ ಹೇಳಲಿ.