52ರ ಅಮ್ಮನಿಗೆ ಓದು ಕಲಿಸೋದು ಹೇಗೆ?

ಪ್ರಶ್ನೆ:
ಅಮ್ಮ ಶಾಲೆಗೆ ಹೋದವರಲ್ಲ. ಎರಡು ಹಸು ಇವೆ, ದಿನಾ ಡೇರಿಗೆ ಹಾಲು ಹಾಕುತ್ತಾರೆ. ಬಾಯಿಲೆಕ್ಕ ಪಕ್ಕಾ. ಆದರೆ ಡೇರಿ ಪುಸ್ತಕ ಓದಲು ಬರುವುದಿಲ್ಲ. ಸ್ಲೇಟು ತಂದುಕೊಟ್ಟೆ. ಅ ಆ ಇ ಈ ಎರಡೇ ದಿನ, ಆಮೇಲೆ ಸ್ಲೇಟು ಅಟ್ಟ ಸೇರಿತು. ಏನು ಮಾಡಲಿ?

ಉತ್ತರ 1:
ಸ್ಲೇಟು ಬಿಡಿ, ಆ ಡೇರಿ ಪುಸ್ತಕವನ್ನೇ ಹಿಡಿಯಿರಿ. ನಮ್ಮತ್ತೆಗೆ ನಾನು ಹಾಗೇ ಕಲಿಸಿದ್ದು. ಲೀಟರ್, ಫ್ಯಾಟ್ (ಹಾಲಿನ ಕೊಬ್ಬು), ದರ, ಮೊತ್ತ. ದಿನಾ ಅವೇ ನಾಲ್ಕು ಕಾಲಂ. ಲೆಕ್ಕ ತಲೆಯಲ್ಲಿ ಮೊದಲೇ ಇರುತ್ತದೆ, ಅಂಕಿ ಜೋಡಿಸಿದರೆ ಆಯಿತು.

ಚುಕ್ಕೆ ಮಾತ್ರ ಜಾಸ್ತಿ ಕಾಡಿತು. 4.5 ನೋಡಿ ನಲವತ್ತೈದು ಅಂತ ಓದಿ, "ನಮ್ಮ ಗೌರಿ ಏನು ಕಾಮಧೇನುವಾ?" ಅಂತ ತಾವೇ ನಕ್ಕರು. ನಾಲ್ಕೂವರೆ ಅಂದ ಮೇಲೆ ಹೊಳೆಯಿತು. ಒಂದು ದಿನ 5.2 ಲೀಟರ್ ಹಾಕಿದ್ದಕ್ಕೆ ಡೇರಿಯವರು 4.2 ಅಂತ ಬರೆದಿದ್ದರು. ಹಿಡಿದವರು ಅತ್ತೆಯೇ! ಅವತ್ತಿನಿಂದ ಓದಿ ಅಂತ ನಾನು ಹೇಳಬೇಕಾಗಿಲ್ಲ.

ಅಕ್ಷರಕ್ಕೆ ಮೊದಲು ಅವರ ಹೆಸರು, ಆಮೇಲೆ ಹಸುವಿನ ಹೆಸರು. ಒತ್ತಕ್ಷರಕ್ಕೆ ಅವಸರ ಬೇಡ.

ಉತ್ತರ 2:
ಬಸ್ ಬೋರ್ಡನ್ನೂ ಸೇರಿಸಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಮ್ಮ ಒಬ್ಬರೇ ಓಡಾಡುತ್ತಾರೆ, ಊರ ಹೆಸರು ಓದಿಯೇ ಹತ್ತುತ್ತಾರೆ. ಕಲಿಯೋಕೆ ಜೊತೆ ಬೇಕಿದ್ದರೆ ಓದು ಬರಹ ಕಲಿಸೋ ಸರ್ಕಾರದ ಉಲ್ಲಾಸ್ ಕಾರ್ಯಕ್ರಮ ಇದೆ, 15 ದಾಟಿದವರಿಗೇ ಇರೋದು.

ಪ್ರಶ್ನೆ ಕೇಳಿದವರು:
ಮೂರು ವಾರ ಆಯಿತು. ನಿನ್ನೆ ಅಮ್ಮ ಫ್ಯಾಟ್ ಕಾಲಂ ಮೇಲೆ ಬೆರಳಿಟ್ಟು, "ಇದ್ಯಾಕೆ ಕಮ್ಮಿ?" ಅಂದರು. ಅಗ್ಗದ ಹಿಂಡಿ ತಂದಿದ್ದು ನಾನು. ಸಿಕ್ಕಿಬಿದ್ದೆ.