ಮುಖ ನೋಡಿ ಭಾವನೆ ಗುರುತಿಸುವುದು ಹುಟ್ಟುಗುಣವೋ, ಕಲಿಕೆಯೋ?

ಹುಬ್ಬುಗಂಟು: ಪಪುವಾ ನ್ಯೂಗಿನಿಯ ಫೋರೆ ಜನರ ನಡುವೆ ಅಮೆರಿಕದ ಮನಃಶಾಸ್ತ್ರಜ್ಞ ಎಕ್‌ಮನ್ ಮಾಡಿದ ಪ್ರಯೋಗ ಓದಿದರೆ ಭಾವನೆಯ ಮುಖ ಎಲ್ಲೆಡೆ ಒಂದೇ ಅನ್ನಿಸುತ್ತದೆ. ಈಚಿನವರು ಒಪ್ಪುವುದಿಲ್ಲ. ಇದರ ಬಗ್ಗೆಯೇ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಯಾವುದನ್ನು ನಂಬಲಿ?

ಮನೋಲ್ಯಾಬ್: ಮೊದಲು ವಿಧಾನ ನೋಡಿ. 1971ರ ವರದಿಯಲ್ಲಿ ಪುಟ್ಟ ಕಥೆ ಹೇಳಿ, ದೊಡ್ಡವರ ಮುಂದೆ ಮೂರು ಮುಖದ ಫೋಟೋ ಇಟ್ಟು ಕಥೆಗೆ ಹೊಂದುವ ಒಂದನ್ನು ಆರಿಸಲು ಹೇಳಿದ್ದರು. ಸುಮ್ಮನೆ ಊಹಿಸಿದರೂ ಮೂರಕ್ಕೊಂದು ಸರಿಯಾಗುತ್ತೆ. ಹೊಂದದ ಎರಡನ್ನು ತಳ್ಳಿಹಾಕಿದರೂ ಉತ್ತರ ಕೈಗೆ ಬರುತ್ತೆ. ಇಷ್ಟು ಸುಲಭ ಮಾಡಿದರೂ ಭಯದ ಮುಖವನ್ನು ಅಚ್ಚರಿಯ ಮುಖದಿಂದ ಬೇರ್ಪಡಿಸಲು ಫೋರೆಗಳಿಗೆ ಆಗಲಿಲ್ಲ.

ಕಡತಹುಳ: ಆಯ್ಕೆಯನ್ನೇ ತೆಗೆದರೆ ಏನಾಗುತ್ತೆ ಅಂತ 2014ರಲ್ಲಿ ನಮೀಬಿಯಾದ ಹಿಂಬಾ ಜನರಲ್ಲಿ ನೋಡಿದರು. ಆರು ಜನರ ಆರಾರು ಮುಖಭಾವ, ಒಟ್ಟು 36 ಫೋಟೋ. ಇಷ್ಟಬಂದಂತೆ ಗುಂಪು ಮಾಡಿ ಅಂದರು. ಗುಂಪುಗಳು ಆ ಆರು ಮುಖಭಾವಗಳಿಗೆ ಸರಿಹೊಂದಲಿಲ್ಲ. ಹೆಸರಿಡುವಾಗಲೂ ‘ಸಂತೋಷ’ಕ್ಕಿಂತ ‘ನಗುತ್ತಿದ್ದಾನೆ’, ‘ನೋಡುತ್ತಿದ್ದಾನೆ’ ಎಂಬ ಕ್ರಿಯೆಗಳೇ ಹೆಚ್ಚು. ಭಾವನೆಯ ಪದಗಳನ್ನು ಮೊದಲೇ ಕೊಟ್ಟಾಗ ಗುಂಪುಗಳು ಆ ಆರಕ್ಕೆ ಕೊಂಚ ಹತ್ತಿರ ಬಂದವು.

ಟ್ರೋಬ್ರಿಯಾಂಡ್ ದ್ವೀಪದ್ದು (2016) ಇನ್ನೂ ಮಜಾ: ನಾವು ಭಯ ಅನ್ನುವ, ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ಅಲ್ಲಿನ ಹದಿಹರೆಯದವರು ಬೆದರಿಕೆ, ಕೋಪ ಎಂದು ಓದಿದರು.

ಮನೋಲ್ಯಾಬ್: ಹಾಗಂತ ಜೀವಶಾಸ್ತ್ರವನ್ನು ಪೂರ್ತಿ ಕೈಬಿಡಬೇಡಿ. 2004ರ ಪ್ಯಾರಾಲಿಂಪಿಕ್ಸ್‌ನಲ್ಲಿ ಹುಟ್ಟುಕುರುಡ ಜೂಡೋಪಟುಗಳ ಮುಖದ ಸ್ನಾಯುಗಳು ಸೋಲು-ಗೆಲುವಿನ ಹೊತ್ತಿಗೆ ಕಣ್ಣಿರುವವರಂತೆಯೇ ಚಲಿಸಿದ್ದವು. ಆದರೆ ಅದು ಮುಖ *ಮಾಡುವುದಕ್ಕೆ* ಪುರಾವೆ, *ಓದುವುದಕ್ಕೆ* ಅಲ್ಲ. ಜಗಳ ಹುಟ್ಟುವುದೇ ಇವೆರಡನ್ನು ಬೆರೆಸಿದಾಗ.

ಹುಬ್ಬುಗಂಟು: ಹಾಗಾದರೆ ನನ್ನ ಪ್ರಾಜೆಕ್ಟಿಗೆ?

ಕಡತಹುಳ: ಮೊದಲು ಭಾವನೆಗಳ ಪದಪಟ್ಟಿ ಇಲ್ಲದೆ, ಫೋಟೋ ತೋರಿಸಿ ‘ಇವರಿಗೆ ಏನಾಗಿದೆ?’ ಅಂತ ಕೇಳಿ, ಉತ್ತರವನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ಪಟ್ಟಿ ಆಮೇಲೆ, ಅದರಲ್ಲೂ ‘ಇದ್ಯಾವುದೂ ಅಲ್ಲ’ ಇರಲಿ. ನಟಿಸಿದ ಫೋಟೋ ಮಾತ್ರ ಬಳಸಿದರೆ ಸಹಜ ಮುಖದ ಬಗ್ಗೆ ತೀರ್ಮಾನ ಹೇಳಬೇಡಿ.