ಹವಾರ್ ದ್ವೀಪ ಕತಾರ್ ದಡದ ಪಕ್ಕದಲ್ಲೇ ಇದೆ, ಬಹ್ರೇನ್ ಪಾಲಾದದ್ದು ಹೇಗೆ?

ಮನಾಮಾ_ಬಂಟ್ವಾಳ:

ಎಲ್ಲರಿಗೂ ನಮಸ್ಕಾರ. ಊರು ಬಂಟ್ವಾಳ, ಕೆಲಸ ಬಹ್ರೇನಿನಲ್ಲಿ. ಈದ್ ರಜೆಯಲ್ಲಿ ಮನೆಯವರ ಜೊತೆ ಬೋಟಿನಲ್ಲಿ ಹವಾರ್ ದ್ವೀಪಕ್ಕೆ ಹೋಗಿದ್ದೆ. ಅಲ್ಲಿ ಸೊಕೋತ್ರಾ ನೀರುಕಾಗೆಗಳು ಸಾವಿರಗಟ್ಟಲೆ ಇವೆ, ನೋಡಲೇಬೇಕು. ಆದರೆ ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದರೆ ಆಶ್ಚರ್ಯ. ಬಹ್ರೇನಿನ ಮುಖ್ಯ ದ್ವೀಪ ಸುಮಾರು 20 ಕಿಲೋಮೀಟರ್ ದೂರ. ಕತಾರ್ ದಡ ಒಂದೆರಡು ಕಿಲೋಮೀಟರ್ ಅಷ್ಟೇ. ಮತ್ತೆ ಇದು ಬಹ್ರೇನಿಗೆ ಹೇಗೆ ಸೇರಿತು? ಆಫೀಸಿನಲ್ಲಿ ಕೇಳಿದರೆ ಒಬ್ಬರು ಬ್ರಿಟಿಷರು ಕೊಟ್ಟದ್ದು ಅನ್ನುತ್ತಾರೆ, ಇನ್ನೊಬ್ಬರು ಹೇಗ್ ಕೋರ್ಟು, ಅಂದರೆ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟದ್ದು ಅನ್ನುತ್ತಾರೆ. ಯಾವುದು ಸರಿ? ತಿಳಿದವರು ಬಿಡಿಸಿ ಹೇಳಿ.

ಪುತ್ತೂರು_ವಕೀಲ:

ಬಂಟ್ವಾಳದವರೇ, ಎರಡೂ ಸರಿ. ಮೊದಲು ಕೊಟ್ಟದ್ದು ಬ್ರಿಟಿಷರು, 1939ರಲ್ಲಿ. ಅದು ಊರ್ಜಿತ ಎಂದು ಹೇಗ್ ಕೋರ್ಟು ಹೇಳಿದ್ದು 2001ರಲ್ಲಿ. ನಾನು ಜಾಗದ ತಕರಾರುಗಳನ್ನೇ ನಡೆಸುವ ವಕೀಲ. ಈ ತೀರ್ಪನ್ನು ಕೂತು ಓದಿದ್ದೇನೆ. ಇವತ್ತಿಗೂ ನನಗೆ ಸಮಾಧಾನ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಎಲ್ಲ ಶುರುವಾದದ್ದು ಎಣ್ಣೆಯಿಂದ. 1932ರಲ್ಲಿ ಬಹ್ರೇನಿನಲ್ಲಿ ಎಣ್ಣೆ ಸಿಕ್ಕಿತು. 1935ರಲ್ಲಿ ಕತಾರಿನ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಅಲ್ ಥಾನಿ ಕೂಡ ಎಣ್ಣೆ ಹುಡುಕುವ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರು. ಯಾವ ನೆಲ, ಯಾವ ನೀರು ಯಾರದ್ದು ಅನ್ನುವ ಪ್ರಶ್ನೆಗೆ ಆಗ ಬೆಲೆ ಬಂತು. 1936ರ ಏಪ್ರಿಲ್‌ನಲ್ಲಿ ಬಹ್ರೇನ್ ದೊರೆಯ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್, ಹವಾರ್ ನಮ್ಮದು ಎಂದು ಬ್ರಿಟಿಷರಿಗೆ ಪತ್ರ ಬರೆದರು. ಜುಲೈನಲ್ಲೇ ಉತ್ತರ ಬಂತು: ಸದ್ಯಕ್ಕೆ ನಿಮ್ಮದೇ ಎಂದು ಕಾಣುತ್ತದೆ, ಕತಾರ್ ಏನಾದರೂ ಹಕ್ಕು ಹೇಳಿದರೆ ಆಮೇಲೆ ನೋಡೋಣ. ಈ ತಾತ್ಕಾಲಿಕ ನಿರ್ಧಾರವನ್ನು ತಿಳಿಸಿದ್ದು ಬಹ್ರೇನಿಗೆ. ಕತಾರಿನ ಶೇಖರಿಗೆ ಒಂದು ಸಾಲೂ ಹೋಗಲಿಲ್ಲ. ಮರುವರ್ಷ ಬಹ್ರೇನ್ ದ್ವೀಪದಲ್ಲಿ ಕಾವಲು ಇಟ್ಟು ಕೋಟೆ ಕಟ್ಟಿತು.

ಶೇಖ್ ಅಬ್ದುಲ್ಲಾ ತಕರಾರು ತೆಗೆದದ್ದು 1938ರ ಮೇ ತಿಂಗಳಲ್ಲಿ. ಬಹ್ರೇನಿನಲ್ಲಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಹ್ಯೂ ವೈಟ್‌ಮನ್, ಪುರಾವೆ ಸಮೇತ ಬರೆದುಕೊಡಿ ಎಂದರು. ಮೇ 27ರಂದು ಶೇಖ್ ಬರೆದುಕೊಟ್ಟರು. ದ್ವೀಪ ನಮ್ಮ ನೆಲಕ್ಕೆ ಸೇರಿದಂತೆಯೇ ಇದೆ, ನೀವು ನ್ಯಾಯವಾಗಿ ತೀರ್ಮಾನಿಸುತ್ತೀರಿ ಎಂಬ ನಂಬಿಕೆ ನನಗಿದೆ ಅನ್ನುವುದು ಅದರ ಸಾರಾಂಶ. ಬಹ್ರೇನ್ ಪರವಾಗಿ ಬೆಲ್‌ಗ್ರೇವ್ ಕೊಟ್ಟದ್ದು ಪಳಗಿದ ಕೈಯ ಕಾಗದ. ದವಾಸಿರ್ ಅನ್ನುವ ಅರಬ್ ಬುಡಕಟ್ಟಿನ ಜನ ಅಲ್ಲಿ ವಾಸ ಇದ್ದರು, ಮೀನು ಹಿಡಿಯುತ್ತಿದ್ದರು, ಜಿಪ್ಸಂ ಕಡಿಯುತ್ತಿದ್ದರು, ಅವರೆಲ್ಲ ನಮ್ಮ ಪ್ರಜೆಗಳು ಎಂದು ಸಾಕ್ಷಿ ಸಹಿತ ಬರೆದಿದ್ದರು. ವೈಟ್‌ಮನ್ ವರದಿ 1939ರ ಏಪ್ರಿಲ್‌ನಲ್ಲಿ ಹೋಯಿತು, ಬಹ್ರೇನ್ ಪರವಾಗಿ. ಜುಲೈ 11ರಂದು ಇಬ್ಬರು ದೊರೆಗಳಿಗೂ ಪತ್ರ ಬಂತು: ಹವಾರ್ ಬಹ್ರೇನಿನದ್ದು. ಕಾರಣ ಏನೂ ಬರೆದಿರಲಿಲ್ಲ. ಆಗಸ್ಟ್ 4ರಂದು ಶೇಖ್ ಅಬ್ದುಲ್ಲಾ ಮತ್ತೆ ಪರಿಶೀಲಿಸಿ ಎಂದು ಬರೆದರು. ನಿರ್ಧಾರ ಅಂತಿಮ ಅನ್ನುವ ಉತ್ತರ ಬಂತು.

ಈಗ ಹೇಗ್ ಕೋರ್ಟಿಗೆ ಬರೋಣ. 1991ರಲ್ಲಿ ಕತಾರ್ ಕೇಸು ಹಾಕಿತು. 2001ರ ಮಾರ್ಚ್ 16ರಂದು ತೀರ್ಪು. ಹವಾರ್ ವಿಷಯದಲ್ಲಿ 12 ನ್ಯಾಯಾಧೀಶರು ಬಹ್ರೇನ್ ಪರ, 5 ಮಂದಿ ವಿರುದ್ಧ. ಆದರೆ ಅನುಭೋಗದ ಮೇಲೋ ಹಳೇ ಹಕ್ಕಿನ ಮೇಲೋ ಕೋರ್ಟು ತೀರ್ಮಾನ ಮಾಡಲಿಲ್ಲ. ತೀರ್ಮಾನವನ್ನು ಬ್ರಿಟಿಷರಿಗೆ ಬಿಡಲು ಇಬ್ಬರೂ ಒಪ್ಪಿದ್ದರು, ಹಾಗಾಗಿ 1939ರ ನಿರ್ಧಾರ ಇಬ್ಬರನ್ನೂ ಕಟ್ಟಿಹಾಕುತ್ತದೆ ಎಂದಿತು. ಅದು ಪಂಚಾಯ್ತಿ ತೀರ್ಪು ಅಲ್ಲ ಎಂದೂ ಹೇಳಿತು, ಆದರೂ ಬದ್ಧ ಎಂದಿತು.

ನನ್ನ ತಕರಾರು ಇರುವುದೇ ಇಲ್ಲಿ. ಒಪ್ಪಿಗೆ ಕೊಡುವಾಗ ಶೇಖ್ ಅಬ್ದುಲ್ಲಾ ಅವರಿಗೆ ಎರಡು ವರ್ಷ ಹಿಂದೆಯೇ ಒಂದು ನಿರ್ಧಾರ ಆಗಿಬಿಟ್ಟಿದೆ ಅನ್ನುವುದು ಗೊತ್ತಿರಲಿಲ್ಲ. ಯಾರ ಮುಂದೆ ಅರ್ಜಿ ಇಟ್ಟರೋ ಅವರೇ ಎದುರು ಪಕ್ಷಕ್ಕೆ ಮೊದಲೇ ಮಾತು ಕೊಟ್ಟಿದ್ದರು. ಅಂಥ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಅನ್ನಲು ನನ್ನ ಮನಸ್ಸು ಕೇಳುವುದಿಲ್ಲ.

ಮೈಸೂರು_ಟೀಚರ್:

ವಕೀಲರು ಚೆನ್ನಾಗಿ ಬರೆದಿದ್ದೀರಿ. ಒಂದು ಮಾತು ಸೇರಿಸುತ್ತೇನೆ. ಆ ಅಧಿಕಾರಿಗಳು ಯಾರು ಅಂತ ನಮಗೆ ಗೊತ್ತಿರಬೇಕು. ಪೊಲಿಟಿಕಲ್ ಏಜೆಂಟರ ಮೇಲಧಿಕಾರಿ, ಕೊಲ್ಲಿಯ ಬ್ರಿಟಿಷ್ ರೆಸಿಡೆಂಟ್, ಆಗ ಇರಾನಿನ ಬುಶೆಹರ್‌ನಲ್ಲಿ ಕೂರುತ್ತಿದ್ದರು. 1947ರವರೆಗೆ ಅವರ ಕಚೇರಿ ಬ್ರಿಟಿಷ್ ಇಂಡಿಯಾ ಸರ್ಕಾರದ ಅಧೀನ. ಮೈಸೂರು ಸಂಸ್ಥಾನದ ಮೇಲೆ ಕಣ್ಣಿಡಲು ಬೆಂಗಳೂರಿನಲ್ಲಿ ಇದ್ದವರೂ ರೆಸಿಡೆಂಟರೇ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಎಲ್ಲರಿಗೂ ಗೊತ್ತು, ಹೆಸರು ಬಂದದ್ದು ಆ ಬಂಗಲೆಯಿಂದ. ರಾಜನನ್ನು ಗದ್ದುಗೆಯಲ್ಲೇ ಇಟ್ಟು ಹೊರಗಿನ ವ್ಯವಹಾರ ತಮ್ಮ ಕೈಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಎರಡೂ ಕಡೆ ಒಂದೇ. ಕತಾರ್ 1916ರ ಒಪ್ಪಂದದಲ್ಲಿ, ಬ್ರಿಟಿಷರ ಒಪ್ಪಿಗೆ ಇಲ್ಲದೆ ಬೇರೆ ಸರ್ಕಾರಗಳ ಜೊತೆ ವ್ಯವಹರಿಸುವುದಿಲ್ಲ ಎಂದು ಬರೆದುಕೊಟ್ಟಿತ್ತು. ಶೇಖ್ ಅಬ್ದುಲ್ಲಾ ಇನ್ಯಾರ ಬಳಿ ಹೋಗಬೇಕಿತ್ತು ಹೇಳಿ? ನನಗೆ ಅವರ ಒಪ್ಪಿಗೆಗಿಂತ ಈ ದಾರಿ ಇಲ್ಲದ ಸ್ಥಿತಿಯೇ ಮುಖ್ಯ ಅನ್ನಿಸುತ್ತದೆ.

ಮನಾಮಾ_ಬಂಟ್ವಾಳ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಕತಾರಿಗೆ ಅನ್ಯಾಯವೇ ಆಯಿತು ಅಂತಲಾ? ಕತಾರ್ ಕೋರ್ಟಿಗೆ ನಕಲಿ ದಾಖಲೆ ಕೊಟ್ಟಿತ್ತು ಅಂತ ಇಲ್ಲಿ ಕೆಲವರು ಹೇಳುತ್ತಾರಲ್ಲ?

ಪುತ್ತೂರು_ವಕೀಲ:

ಅದು ನಿಜ. ಕತಾರ್ ಕೊಟ್ಟ 82 ದಾಖಲೆಗಳು ನಕಲಿ ಎಂದು ಬಹ್ರೇನ್ 1997ರಲ್ಲಿ ಆಕ್ಷೇಪ ಎತ್ತಿತು. ಮುದ್ರೆಗಳನ್ನು ಹೋಲಿಸಿ ನೋಡಿದ್ದರು. ಮರುವರ್ಷ ಕತಾರ್ ಆ ಕಾಗದಗಳನ್ನು ಪೂರ್ತಿ ಕೈಬಿಟ್ಟಿತು. ಒಳ್ಳೆಯ ವಾದ ಕೈಯಲ್ಲಿ ಇಟ್ಟುಕೊಂಡು ಇಂಥ ಕಾಗದ ತಂದದ್ದು ನನಗೆ ತುಂಬಾ ಬೇಸರದ ಸಂಗತಿ.

ಆದರೆ ಕತಾರ್ ಬರಿಗೈಲಿ ಬರಲಿಲ್ಲ. ಬಹ್ರೇನ್ ಹಕ್ಕು ಹೇಳುತ್ತಿದ್ದ, ಕತಾರ್ ದಡದಲ್ಲಿರುವ ಝುಬಾರಾ ಕತಾರಿನದ್ದು ಎಂದು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಬಹ್ರೇನಿನ ಅಲ್ ಖಲೀಫಾ ಮನೆತನ 1783ರಲ್ಲಿ ಬಹ್ರೇನ್ ಗೆಲ್ಲುವ ಮೊದಲು ಇದ್ದ ಊರು ಅದು. ಅವರಿಗೆ ಅದರ ಮೇಲೆ ಎಷ್ಟು ಪ್ರೀತಿ ಇತ್ತು ಅಂತ ಯೋಚಿಸಿ. ಜನಾನ್ ದ್ವೀಪ, ಫಶ್ತ್ ಅದ್ ದಿಬಲ್ ಕೂಡ ಕತಾರಿಗೆ ಹೋದವು. ದಿಬಲ್ ಅಂದರೆ ಇಳಿತದಲ್ಲಿ ಮಾತ್ರ ಮೇಲೆ ಕಾಣುವ ದಿಬ್ಬ. 1986ರಲ್ಲಿ ಬಹ್ರೇನ್ ಅಲ್ಲಿ ಕಾಮಗಾರಿ ನಡೆಸುತ್ತಿದ್ದಾಗ ಕತಾರ್ ಸೈನಿಕರು ಬಂದು ಕೆಲಸಗಾರರನ್ನು ಹಿಡಿದುಕೊಂಡು ಹೋಗಿದ್ದರು. ಸೌದಿ ನಡುವೆ ಬಂದು ಸಮಾಧಾನ ಮಾಡಿಸಬೇಕಾಯಿತು.

ತೀರ್ಪನ್ನು ಎರಡೂ ದೇಶ ಒಪ್ಪಿಕೊಂಡಿವೆ, ಹಾಗಾಗಿ ಹವಾರ್ ಈಗ ಬಹ್ರೇನಿನದ್ದೇ. ನಿಮಗೆ ಪುರುಸೊತ್ತು ಇದ್ದರೆ ತೀರ್ಪಿನ ಜೊತೆ ಇರುವ ಭಿನ್ನಮತವನ್ನೂ ಓದಿ. ನ್ಯಾಯಾಧೀಶರಾದ ಬೆಜೌಯಿ, ರಂಜೇವಾ, ಕೊರೋಮಾ ಮೂವರೂ ಸೇರಿ ಬರೆದದ್ದು. ಮೂವರೂ ಆಫ್ರಿಕಾ ಖಂಡದವರು. 1939ರ ಆ ಪತ್ರವನ್ನು ಅವರು ಬಿಡಿಸಿ ನೋಡಿದ ರೀತಿ ನನಗೆ ತೀರ್ಪಿಗಿಂತ ಜಾಸ್ತಿ ಹಿಡಿಸಿತು.